ಬೀಗೋಪಾಖ್ಯಾನ

ಮೊದಲಿಗೆ ಶಬ್ದವಿಚಾರ. ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದರೆ ಅರಿಸಮಾಸವೆಂದು ವೈಯಾಕರಣರು ಹುಬ್ಬು ಗಂಟಿಕ್ಕುತ್ತಾರೆ. ಹಾಗಿದ್ದ ಮೇಲೆ ಅರಬ್ಬಿಯ ‘ಖಾಲಿ’ಯನ್ನು ಕನ್ನಡದ ‘ಮನೆ’ಗೆ ಗಂಟುಹಾಕಿದ ‘ಖಾಲಿಮನೆ’ ಯಾವ ಸಮಾಸ? ಕೇಶಿರಾಜ ಪಾಪ, ಬೆಂಗಳೂರು ನೋಡಿದವನಲ್ಲ. ಅರಿ ಎಂದರೆ ಶತ್ರು. ಒಂದೇ ಸೂರಿನಡಿ ಇರಬಾರದ ಎರಡು ಪದಗಳು ಇವಾದ್ದರಿಂದ ಇದೂ ಅರಿಸಮಾಸವೇ ಎಂದು ಈ ಪ್ರಬಂಧಕಾರನ ಮತ. ಇನ್ನು ‘ಬೀಗ’. ಬೀಗ ಬಂದರೆ ಮನೆ ಖಾಲಿ, ಬೀಗರು ಬಂದರೆ ಮನೆ ಭರ್ತಿ, ಎರಡಕ್ಕೂ ಬೀಗುವವನು ಯಜಮಾನ. ಮೂರೂ ಒಂದೇ ಧಾತುವಿನಿಂದ ಹುಟ್ಟಿದವೆನ್ನಲು ಆಧಾರವಿಲ್ಲ. ಆಧಾರವಿಲ್ಲದ್ದನ್ನೆಲ್ಲ ಬಿಡುತ್ತಾ ಹೋದರೆ ಪ್ರಬಂಧ ಬೆಳೆಯುವುದು ಹೇಗೆ?

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಶ್ರೇಷ್ಠ. ಅದರ ಬೆನ್ನಿಗೇ ಜನಗಣತಿ. 2011ರಲ್ಲಿ ಗಣತಿದಾರರು ದೇಶದ ಊರೂರು ಸುತ್ತಿ, ನಗರಗಳಲ್ಲೇ ಸುಮಾರು 1.1 ಕೋಟಿ ಮನೆ ಖಾಲಿ ಇವೆಯೆಂದು ಬರೆದುಕೊಂಡರು. ಮರುವರ್ಷ ಕೇಂದ್ರದ ತಾಂತ್ರಿಕ ಸಮಿತಿ ನಗರಗಳಿಗೆ 1.87 ಕೋಟಿ ಮನೆ ಕಮ್ಮಿ ಬಿದ್ದಿವೆ ಎಂದಿತು. ಇದರಲ್ಲಿ ಅದನ್ನು ಕಳೆದರೆ ಕೊರತೆ ಅರ್ಧಕ್ಕಿಂತ ಕೆಳಗಿಳಿಯುತ್ತದಲ್ಲ ಎಂದು ಮೂರನೇ ಕ್ಲಾಸಿನ ಹುಡುಗಿ ಕೇಳಿಯಾಳು. ಅವಳಿಗೆ ಲೆಕ್ಕ ಗೊತ್ತು, ಅರ್ಥಶಾಸ್ತ್ರ ಗೊತ್ತಿಲ್ಲ. ಆ ಕೊರತೆಯಾದರೂ ಬೀದಿಯಲ್ಲಿ ಮಲಗುವವರದೇ ಅಲ್ಲ, ಸುಮಾರು 1.5 ಕೋಟಿ ಬರೀ ಇಕ್ಕಟ್ಟಿನ ಲೆಕ್ಕ. ಮದುವೆಯಾದ ಜೋಡಿಗೆ ಬೇರೆ ಕೋಣೆ ಇಲ್ಲದ ಸಂಸಾರಗಳು ಇದರಲ್ಲಿ ಸೇರಿವೆ. ಅತ್ತ ಹಗ್ಗದ ಮೇಲೆ ಸೀರೆ ಇಳಿಬಿಟ್ಟು ಅದನ್ನೇ ಗೋಡೆ ಅಂದುಕೊಂಡವರು. ಇತ್ತ ಮೂರು ಬೆಡ್‌ರೂಮಿನಲ್ಲಿ ಒಬ್ಬಂಟಿ ಬೀಗ.

ಇಲ್ಲಿ ಸಿದ್ಧಾಂತ ಮಂಡನೆಯಾಗುತ್ತದೆ: ಬೀಗವೇ ಆದರ್ಶ ಬಾಡಿಗೆದಾರ. ಅದು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಮೀನು ಹುರಿಯುವುದಿಲ್ಲ. ಅದರ ಜಾತಿಯನ್ನು ಸುತ್ತಿಬಳಸಿ ‘ನಿಮ್ಮ ಕಡೆ ಹಬ್ಬಕ್ಕೆ ಏನು ಅಡುಗೆ?’ ಎಂದು ಕೇಳಿ ತಿಳಿಯಬೇಕಿಲ್ಲ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾದೀತೆಂದು ಅದರ ಜೊತೆ ಹನ್ನೊಂದು ತಿಂಗಳ ಕರಾರು ಬರೆಸಬೇಕಿಲ್ಲ. ಬಾಡಿಗೆ ಕೊಡುವುದಿಲ್ಲವೆಂಬ ಸಣ್ಣ ದೋಷವೊಂದಿದೆ, ಒಪ್ಪೋಣ. ಆದರೆ ಮನೆಯ ಬೆಲೆಗೆ ವರ್ಷಕ್ಕೆ ನೂರಕ್ಕೆ ಎರಡೋ ಮೂರೋ ರೂಪಾಯಿ ಬಾಡಿಗೆಗಾಗಿ ಮನುಷ್ಯರನ್ನು ಒಳಗೆ ಬಿಟ್ಟುಕೊಳ್ಳುವ ಸಾಹಸ ಯಾರಿಗೆ ಬೇಕು? 2017–18ರ ಆರ್ಥಿಕ ಸಮೀಕ್ಷೆಯೂ ಮನೆಗಳು ಖಾಲಿ ಬಿದ್ದಿರಲು ಕಮ್ಮಿ ಬಾಡಿಗೆ, ಕರಾರಿಗೆ ಕಿಮ್ಮತ್ತಿಲ್ಲದಿರುವುದು ಕಾರಣವಿರಬಹುದೆಂದು ಹೇಳಿದೆ. ಬೀಗದ ಸದ್ಗುಣಗಳನ್ನು ಮಾತ್ರ ಅದು ಏಕೋ ಕೈಬಿಟ್ಟಿದೆ.

ಪೂರ್ವಪಕ್ಷದವರು ಕಾನೂನಿನತ್ತ ಬೆರಳು ತೋರುತ್ತಾರೆ. ನಿಜ, ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಮನೆ ಖಾಲಿಯಾದರೆ ಯಜಮಾನ ಕಂಟ್ರೋಲರಿಗೆ ಬರೆದು ತಿಳಿಸಬೇಕು. ಅದನ್ನು ಯಾರಿಗೆ ಕೊಡಬೇಕೆಂದು ಕಂಟ್ರೋಲರು ಆದೇಶಿಸಬಹುದು. ಖಾಲಿಮನೆಗೆ ಜನ ತುಂಬಿಸಲು ಇದಕ್ಕಿಂತ ನೇರ ದಾರಿ ಇದೆಯೇ? ಫಲ ಮಾತ್ರ ತಿರುಗುಮುರುಗಾಯಿತು. ಖಾಲಿ ಎಂದು ಬಾಯಿಬಿಟ್ಟರೆ ಮನೆ ಹೋದಂತೆ ಎಂದುಕೊಂಡ ಯಜಮಾನರು ಕಿಟಕಿಗೊಂದು ಹಳೇ ಪರದೆ, ಹಗ್ಗಕ್ಕೊಂದು ಟವೆಲ್ಲು ಹಾಕಿ, ಊರಿನ ಸೋದರಮಾವನನ್ನು ‘ಇಲ್ಲೇ ಇರ್ತಾರೆ’ ಎಂದು ಸಾಕ್ಷಿಗೆ ನಿಲ್ಲಿಸುವ ಕಲೆ ಕಲಿತರು. 1999ರ ಕಾಯ್ದೆ ಬಂದು ಹಳೆಯದು ಹೋಯಿತು, ಟವೆಲ್ಲು ಉಳಿಯಿತು.

ಯಜಮಾನರನ್ನೇ ಏಕೆ ದೂರಬೇಕು? ಸರ್ಕಾರವೂ ಬೀಗವಾದಿಯೇ. ಬಡವರಿಗೆಂದು ಊರಾಚೆ ಕಟ್ಟಿದ ಮನೆಗಳಿಗೆ ಬಡವರು ಹೋಗಲಿಲ್ಲ. ಕೂಲಿ ಊರೊಳಗೆ, ಮನೆ ಊರಾಚೆ. 2020ರಲ್ಲಿ, ವಲಸೆ ಕಾರ್ಮಿಕರು ಹೆದ್ದಾರಿಗುಂಟ ನಡೆದು ಹೋದ ಮೇಲೆ, ಇಂಥ ಖಾಲಿ ಸರ್ಕಾರಿ ಮನೆಗಳನ್ನೇ ಅವರಿಗೆ ಬಾಡಿಗೆಗೆ ಕೊಡುವ ಯೋಜನೆ ಬಂತು. ಗುರುತಾಗಿದ್ದು ಸುಮಾರು 83 ಸಾವಿರ ಮನೆ. ಕೆಲವು ವರ್ಷ ಕಳೆದ ಮೇಲೆ ಹಾಗೆ ಬಾಡಿಗೆ ಮನೆಯಾದದ್ದು 5,648. ಅದರಲ್ಲೂ 2,195 ಚಂಡೀಗಢ ಒಂದರದ್ದೇ.

ಈ ಹಂತದಲ್ಲಿ ಪ್ರಬಂಧಕಾರ ಕ್ಷೇತ್ರಕಾರ್ಯಕ್ಕೆ ಇಳಿದ. ದೂರವೇನಲ್ಲ, ಎದುರು ಮನೆಗೆ. ಮೂವತ್ತು–ನಲವತ್ತರ ಸೈಟು, ಮೂರು ಅಂತಸ್ತು, ಮಕ್ಕಳಿಬ್ಬರೂ ಹೊರದೇಶ. ಕಟ್ಟುವಷ್ಟು ಕಾಲವೂ ಅದರ ಕೆಳಗಡೆ, ಸಿಮೆಂಟ್ ಮೂಟೆಗಳ ಪಕ್ಕ, ಯಾದಗಿರಿ ಕಡೆಯ ವಾಚ್‌ಮನ್ ಸಂಸಾರವಿತ್ತು. ಗಿಲಾವು ಕಾಣದ ಗೋಡೆಗೆ ಅವರು ಎಲ್ಲಮ್ಮನ ಫೋಟೊ ಒರಗಿಸಿದ್ದರು. ಸಂಪಿನ ಕಟ್ಟೆ ಮೇಲೆ ಹುಡುಗಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು, ಸಂಜೆ ರೊಟ್ಟಿ ಬಡಿಯುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಬಾಗಿಲೇ ಇರಲಿಲ್ಲ, ಹಾಗಾಗಿ ಬೀಗವೂ ಇರಲಿಲ್ಲ. ಆಗ ಹೊಳೆಯಿತು: ಈ ನಗರದಲ್ಲಿ ಸಾಮಾಜಿಕ ವಸತಿ ಆಗಲೇ ಜಾರಿಯಲ್ಲಿದೆ, ಮನೆ ಮುಗಿಯುವ ತನಕ ಮಾತ್ರ. ಆದ್ದರಿಂದ ಮನೆಗಳನ್ನು ಪೂರ್ತಿ ಕಟ್ಟುವುದನ್ನೇ ನಿಷೇಧಿಸಬೇಕು, ಪ್ರತಿ ಕಟ್ಟಡದಲ್ಲೂ ಒಂದು ಗೋಡೆಯ ಗಿಲಾವು ಕಡ್ಡಾಯವಾಗಿ ಬಾಕಿ ಇರಬೇಕು ಎಂಬ ಶಿಫಾರಸನ್ನು ಈ ಮೂಲಕ ಸಲ್ಲಿಸಲಾಗಿದೆ.

ಶಿಫಾರಸು ತಲುಪುವ ಮುನ್ನವೇ ಗೃಹಪ್ರವೇಶವಾಯಿತು. ಹಾಲು ಉಕ್ಕಿತು, ಬೂದುಗುಂಬಳ ಒಡೆಯಿತು, ಒಳಗೆ ಅನುಭವಿಸುವವರಿಲ್ಲದ ಮನೆಗೆ ಸ್ವಾಧೀನಾನುಭವ ಪತ್ರವೂ ಬಂತು. ಮರುದಿನ ಗೂಡ್ಸ್ ಆಟೋಗೆ ಪಾತ್ರೆ, ಚಾಪೆ, ಎಲ್ಲಮ್ಮ ಏರಿದರು. ವಾಚ್‌ಮನ್ ಹೆಂಡತಿ ಹೊಸ ಸೀರೆಯಲ್ಲೇ ಇದ್ದಳು, ಯಜಮಾನರು ಉಡಿಸಿದ್ದು.

“ಎಲ್ಲಿಗಮ್ಮ ಹೊರಟಿದ್ದು?” ಎಂದೆ.

“ಮನಿ ಮುಗೀತಲ್ರೀ ಸಾಹೇಬ್ರ. ಆ ಕಡಿ ರಿಂಗ್ ರೋಡಿನ್ಯಾಗ ಪಾಯಾ ತಗ್ದಾರಂತ.”

ಹದಿನಾಲ್ಕು ತಿಂಗಳ ಕೆಲಸವಂತೆ. ನನ್ನ ಬಾಡಿಗೆ ಕರಾರಿಗಿಂತ ಮೂರು ತಿಂಗಳು ಹೆಚ್ಚೇ.