ಆಡು ಮುಟ್ಟದ ಸೊಪ್ಪು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ನೀರು ಹಿಡಿಯುತ್ತಲೇ ಕಾಂಪೌಂಡ್ ಮೇಲಿಂದ ಇಣುಕಿದರು. "ಏನ್ರೀ, ದಾಸವಾಳನೂ ಹೋತೇನು?"

ಹೋಗಿತ್ತು. ನಮ್ಮ ಹೊಸಪೇಟೆಯಲ್ಲಿ ಗಿಡ ನೆಡುವುದೆಂದರೆ ಓಣಿಯ ಆಡುಗಳಿಗೆ ನಾಷ್ಟಾಕ್ಕೆ ಎಲೆ ಹಾಕಿದಂತೆ.

"ಕಣಗಲ ಹಚ್ರೀ. ಮೂಸಿ ಸಹಿತ ನೋಡಂಗಿಲ್ಲ."

ನಿಜ. ಆಡು ಮುಟ್ಟದ ಸೊಪ್ಪಿಲ್ಲ ಎಂದರೆ ಆಡುಸೋಗೆ ತೋರಿಸುವವರುಂಟು. ನಾನು ಕಣಗಲವನ್ನೂ ಸೇರಿಸುತ್ತೇನೆ. ಸಂಡೂರಿನ ಕಡೆಯಿಂದ ಬರುವ ಅದಿರಿನ ಕೆಂಪು ದೂಳು ಮೈಗೆ ಮೆತ್ತಿಕೊಂಡೂ, ಏಪ್ರಿಲ್ ಬಿಸಿಲಲ್ಲಿ ಗುಲಾಬಿ ಗೊಂಚಲು ಬಿಡುವ ಗಿಡ ಅದು. ಬೆಟ್ಟದ ಹಳ್ಳಗಳ ಕಲ್ಲುಸಂದಿಯಲ್ಲಿ ಬಾಳಿದ ಕುಲ, ಡಿವೈಡರ್ ಅದಕ್ಯಾವ ಲೆಕ್ಕ! ಆದರೆ ಬೇರು, ತೊಗಟೆ, ಎಲೆ, ಹೂವು ಎಲ್ಲದರಲ್ಲೂ ಓಲಿಯಾಂಡ್ರಿನ್ ಇದೆ. ಗುಂಡಿಗೆಯ ಬಡಿತವನ್ನೇ ಹದಗೆಡಿಸುವ ವಿಷ.

ಅಷ್ಟು ಹೇಳಿದರೂ ಅಕ್ಕ ಹಂಪಿ ವಿರೂಪಾಕ್ಷನಿಗೆಂದು ಹೂ ಬಿಡಿಸುತ್ತಲೇ ಇದ್ದರು. "ಹಾಲಾಹಲ ಕುಡದಾಂವಗ ಇದೇನ್ರೀ ಮಾಡ್ತೈತಿ?" ಎಂದವರೇ ಕೈಯನ್ನು ಸೆರಗಿಗೆ ಒರೆಸಿ ತಟ್ಟೆಯ ಒಗ್ಗರಣೆ ಮಂಡಕ್ಕಿಗೆ ಹಾಕಿದರು. ಹಾಲಾಹಲ ಕುಡಿದವನು ಅವನು, ಅಕ್ಕ ಅಲ್ಲವಲ್ಲ! ಕೈ ತೊಳೆಸಿದೆ.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಈ ಹೂ ಬೇಡವೆಂದಿತು. ಅಲ್ಲಿ ಇದರ ಹೆಸರು ಅರಳಿ. ಸುದ್ದಿ ಕೇಳಿದ ಅಕ್ಕ, ಕಟ್ಟೆಯ ಅರಳಿಮರಕ್ಕೇನು ಬಂತಪ್ಪಾ ಎಂದು ಗಾಬರಿಯಾಗಿದ್ದರಂತೆ.

ನನಗೆ ಹೆದರಿಕೆ ನಿಂತ ಗಿಡದ್ದಲ್ಲ, ಸವರಿ ಹಾಕಿದ ಗುಡ್ಡೆಯದು. ಹಸಿ ಎಲೆ ಕಹಿ, ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಒಣಗಿದ ಮೇಲೆ ಎಲೆ ತರಗಾಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಕಂಪ್ಲಿಯಿಂದ ತಂದ ಭತ್ತದ ಹುಲ್ಲಿನಲ್ಲಿ ನಾಲ್ಕು ತರಗೆಲೆ ಬೆರೆತರೆ ಹಸಿದ ಆಕಳು ಆರಿಸಿ ಬಿಡುತ್ತದೆಯೇ? ಓಣಿಯ ಕಸದ ಮೂಲೆಯಲ್ಲಿ ಅಂಥ ಟೊಂಗೆಗಳನ್ನು ಎಷ್ಟು ಸಲ ಕಂಡಿಲ್ಲ ನಾನು.

ಕಡೆಗೆ ಅಕ್ಕ ಎರಡು ಟೊಂಗೆ ಕೊಟ್ಟರು, ಹಚ್ಚಿದ್ದೇನೆ. ನೀವೂ ಹಚ್ಚಿ, ಚೆಂದದ ಗಿಡ. ಸವರಿದ್ದನ್ನು ಮಾತ್ರ ದನ ಓಡಾಡುವಲ್ಲಿ ಎಸೆಯಬೇಡಿ. ಒಲೆಗೂ ಹಾಕಬೇಡಿ, ಅದರ ಹೊಗೆಯೂ ವಿಷವೇ.