ಕುದಿಸಿದಷ್ಟೂ ಗಟ್ಟಿ

(ಕುರುಗೋಡು ಕಡೆಯ ಓಣಿ. ಬೋರ್‌ವೆಲ್ ಮುಂದೆ ಬೋರ್ಡು ನೆಡುತ್ತಿರುವ ನೀರಗಂಟಿ. ಕೊಡ ಹಿಡಿದ ಅಜ್ಜಿ.)

“ಯವ್ವಾ, ಈ ನೀರು ಕುಡೀಬ್ಯಾಡ್ರಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟೈತಿ.”

“ನನ್ನ ಮೊಣಕಾಲಿಗೆ ಯಾವಾಗೋ ಗೊತ್ತಾಗೈತಿ ತಮ್ಮಾ, ನಿಮ್ಮ ಕಾಗದಕ್ಕ ಈಗ ಗೊತ್ತಾತೇನು? ಕುದಿಸಿ ಕುಡೀಲೇನು?”

“ಕುದಿಸಿದಷ್ಟೂ ಗಟ್ಟಿ ಆಕ್ಕತಿ.”

“ಬೈದಷ್ಟೂ ಗಟ್ಟಿ ಆಗೋ ನಿಮ್ಮ ಸಾಹೇಬ್ರಂಗ. ಹೊಸಾ ಬೋರು?”

“ಇದರ ಬಾಜೂಕ, ಇನ್ನೂ ಆಳಕ್ಕ.”

“ಅದೂ ಇದೇ ಕಲ್ಲಿನ ನೀರಲ್ಲೇನು?”

“ಟೆಂಡರಿನೊಳಗ ಕಲ್ಲಿನ ಮಾತಿಲ್ರಿ.”

“ಸಿರುಗುಪ್ಪದಾಗ ಭತ್ತ ತುಂಗಭದ್ರಾ ನೀರು ಕುಡೀತೈತಿ. ನಾವು?”

“ಶುದ್ಧ ನೀರಿನ ಘಟಕ ಐತಲ್ರಿ, ಕಾಸು ಹಾಕ್ರಿ.”

“ಕೆಟ್ಟೈತಿ ಅಂತ ಚೀಟಿ ಹಚ್ಯಾರ.”

“ಬಳ್ಳಾರಿಯಿಂದ ಫಿಲ್ಟರ್ ಬರಬೇಕು.”

“ಅಲ್ಲೀತನಕ?”

“ಈ ಬೋರು ಐತಲ್ರಿ.”