ಮಧ್ಯಾಸನ ಮೀಮಾಂಸೆ

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆದಿಭಾಗದಲ್ಲಿ ಬಾಯಿಂದ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರದಲ್ಲಿ, ವಿಮಾನ ನಡೆಸತಕ್ಕವನು ಉಡುವ ವಸ್ತ್ರವೇನು, ಉಣ್ಣುವ ಆಹಾರವೇನು ಎಂಬುದರ ವಿಚಾರವುಂಟು. ಮೂರು ಪೀಠಗಳ ಸಾಲಿನಲ್ಲಿ ನಡುವೆ ಸಿಲುಕಿದವನ ಗತಿಯೇನೆಂಬುದರ ವಿಚಾರವಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಆ ಗ್ರಂಥವನ್ನು ಪರಾಮರ್ಶಿಸಿ, ಅಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದು ನಿರ್ಣಯಿಸಿದರು. ಹಾರಲಾರದ ವಿಮಾನದಲ್ಲಿ ಸಹಪ್ರಯಾಣಿಕನ ಸೀನಿನ ಭಯವಿಲ್ಲವಾದ ಕಾರಣ ಶಾಸ್ತ್ರಕಾರರ ಮೌನ ಕ್ಷಮ್ಯವೇ ಸರಿ. ಹಾರುವ ವಿಮಾನಗಳ ವಿಷಯದಲ್ಲಿ ಆ ಕೊರತೆಯನ್ನು ತುಂಬತಕ್ಕ ಭಾರವು ಗೋವೆಯಲ್ಲಿ ಮಾಂಡವಿ ನದಿಯ ಉತ್ತರದಂಡೆಯ ಪರ್ವರಿಯಲ್ಲಿ ವಾಸವಾಗಿರುವ ಈ ಲೇಖಕನ ಮೇಲೆ ಬಿದ್ದಿದೆ.

ಮಹಾಮಾರಿಯ ನಿಮಿತ್ತ 2020ರ ಮಾರ್ಚ್ 25ರಂದು ನೆಲಹಿಡಿದ ದೇಶೀಯ ವಿಮಾನಗಳು ಮೇ 25ರಂದು ಪುನಃ ಆಕಾಶವನ್ನೇರಿದವು. ಪೌರಾಣಿಕರು ವಾಯುಮಂಡಲವನ್ನು ಆವಹ, ಪ್ರವಹ ಮೊದಲಾಗಿ ಏಳು ಸ್ಕಂಧಗಳಾಗಿ ವಿಭಾಗಿಸಿರುವರಷ್ಟೆ; ವಿಮಾನಯಾನ ಸಚಿವಾಲಯವೂ ಆ ಸನಾತನ ಸಂಖ್ಯೆಯನ್ನು ಮೀರದೆ, ಪ್ರಯಾಣದ ಅವಧಿಯನ್ನನುಸರಿಸಿ ಟಿಕೆಟ್ಟಿನ ದರಗಳನ್ನು ಏಳು ವರ್ಗ ಮಾಡಿ, ನಲವತ್ತು ನಿಮಿಷದೊಳಗಿನ ಪ್ರಥಮ ಸ್ಕಂಧಕ್ಕೆ 2,000 ರೂಪಾಯಿಗೆ ಕಡಿಮೆಯಾಗದಂತೆಯೂ 6,000 ರೂಪಾಯಿಗೆ ಮೀರದಂತೆಯೂ ಕಟ್ಟಳೆ ವಿಧಿಸಿತು. ದರದ ವಿಷಯದಲ್ಲಿ ಯಾರಿಗೂ ಸಂಶಯ ಹುಟ್ಟಲಿಲ್ಲ. ಸಂಶಯ ಹುಟ್ಟಿದ್ದು ಪೀಠದ ವಿಷಯದಲ್ಲಿ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ವಿಮಾನದೊಳಗಿನ ಗಾಳಿ ಮೇಲ್ಛಾವಣಿಯಿಂದಿಳಿದು ಕಾಲಬಳಿಯಲ್ಲಿ ಹೊರಹೋಗುವುದು, ಎರಡು ಮೂರು ನಿಮಿಷಗಳಿಗೊಮ್ಮೆ ಸಮಸ್ತವೂ ಬದಲಾಗುವುದು, ಮರಳಿ ಬರುವ ಭಾಗವು ಹೆಪಾ ಎಂಬ ಶೋಧಕದ ಮೂಲಕ ಹಾಯುವುದು, ಆ ಶೋಧಕವು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ಹಿಡಿದಿಡುವುದು. ಆದ್ದರಿಂದ ಮಧ್ಯಾಸನವು ನಿರ್ದೋಷವೆಂದು. ಈ ವಾದದಲ್ಲಿ ಸುಳ್ಳಿಲ್ಲ. ಆದರೆ ಛಾವಣಿಗೂ ನೆಲಕ್ಕೂ ನಡುವೆ ಶ್ರಮಿಸುವ ಆ ಶೋಧಕವು, ಒಂದೇ ಕೈಯೊರಗಿಗಾಗಿ ಹೋರಾಡುವ ಎರಡು ಮೊಣಕೈಗಳ ನಡುವೆ ಪ್ರವೇಶಿಸಬಲ್ಲುದೆಂದು ಯಾವ ತಯಾರಕನೂ ಪ್ರತಿಜ್ಞೆ ಮಾಡಿದ್ದಿಲ್ಲ.

ಪಕ್ಕದ ಪೀಠವನ್ನು ತೆರವಾಗಿ ಬಿಡತಕ್ಕದ್ದೆಂಬ ಮಾರ್ಚ್ 23ರ ಸುತ್ತೋಲೆಯನ್ನು ಮುಂದಿಟ್ಟುಕೊಂಡು ಓರ್ವ ಪೈಲಟರೇ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಲು, ವಿಷಯವು ಮೇ 25ರ ರಂಜಾನ್ ರಜೆಯ ದಿನವೇ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಮುಖ್ಯ ನ್ಯಾಯಮೂರ್ತಿ ಎಸ್. ಎ. ಬೋಬ್ಡೆಯವರೂ ನಮ್ಮ ಕೊಡಗಿನ ಎ. ಎಸ್. ಬೋಪಣ್ಣನವರೂ ಇದ್ದ ಪೀಠವು, ತಾನಿರುವುದು ವಿಮಾನದೊಳಗೆ, ಇಲ್ಲಿ ಯಾರನ್ನೂ ಸೋಂಕಿಸಕೂಡದು ಎಂಬ ವಿವೇಕವು ವೈರಾಣುವಿಗುಂಟೆ ಎಂಬರ್ಥದ ಪ್ರಶ್ನೆಯನ್ನು ಕೇಳಿತು. ಕೇಳಿಯೂ, ವಿದೇಶದಿಂದ ಜನರನ್ನು ಕರೆತರುವ ವಿಮಾನಗಳಲ್ಲಿ ಜೂನ್ 6ರವರೆಗೆ ಮಧ್ಯಾಸನವನ್ನು ತುಂಬಬಹುದೆಂದು ಅನುಗ್ರಹಿಸಿತು. ತಾರೀಖನ್ನು ಓದುವ ವಿವೇಕವಾದರೂ ವೈರಾಣುವಿಗೆ ಇದ್ದಿರಬೇಕು. ಅಷ್ಟರಲ್ಲಿ, ಜೂನ್ 1ರಂದು, ವಿಮಾನಯಾನ ಮಹಾನಿರ್ದೇಶನಾಲಯವು ಉಭಯಪಕ್ಷಗಳಿಗೂ ಸಮ್ಮತವಾಗುವಂತೆ ನಿಬಂಧನೆಯೊಂದನ್ನು ರಚಿಸಿತು: ಆದಷ್ಟು ಮಟ್ಟಿಗೆ ನಡುಪೀಠವನ್ನು ಬರಿದಾಗಿಡತಕ್ಕದ್ದು, ಆಗದಿದ್ದಲ್ಲಿ, ಅಲ್ಲಿ ಕುಳಿತವನಿಗೆ ಮೈಯೆಲ್ಲ ಸುತ್ತುವ ನಿಲುವಂಗಿಯನ್ನು ತೊಡಿಸತಕ್ಕದ್ದು. ಜೂನ್ 15ರಂದು ಮುಂಬಯಿ ನ್ಯಾಯಾಲಯವೂ ಮಧ್ಯಾಸನಕ್ಕೆ ಸಮ್ಮತಿಯಿತ್ತಿತು.

ಹೀಗೆ, ಕಿಟಕಿಯ ಪಕ್ಕದವನೂ ಓಣಿಯ ಪಕ್ಕದವನೂ ಮಾಸ್ಕು, ಮುಖಫಲಕಗಳಿಂದಲೇ ತೃಪ್ತರಾಗಿರಲು, ನಡುವಿನವನು ಮಾತ್ರ ಮಡಿಯುಟ್ಟ ಅಜ್ಜಿಯಂತೆ ಮೈಮುದುಡಿಕೊಂಡು ಕೂರತಕ್ಕ ವ್ಯವಸ್ಥೆ ಏರ್ಪಟ್ಟಿತು. ಈತನು ಯಾರು? ಕಿಟಕಿಯ ಸೀಟಿಗೆ ಹೆಚ್ಚಿನ ಹಣ ತೆರಲೊಲ್ಲದೆ, ಗಣಕಯಂತ್ರವು ದಯಪಾಲಿಸಿದ್ದನ್ನು ಸ್ವೀಕರಿಸಿದ ಸಾತ್ವಿಕನು. ಇದರಿಂದ ಸಿದ್ಧವಾಗುವುದೇನೆಂದರೆ, ಸೋಂಕಿಗೆ ಕಾರಣವು ಸಾಮೀಪ್ಯವಲ್ಲ, ಲೋಭ. ಅನ್ನಪಾನದಲ್ಲಿಯೂ ಇಂಥದೇ ಸೂಕ್ಷ್ಮವುಂಟು: 2021ರ ಏಪ್ರಿಲ್ 15ರಿಂದ ಎರಡು ಗಂಟೆಗೆ ಕಡಿಮೆಯಾದ ಯಾನಗಳಲ್ಲಿ ಊಟ ನಿಷಿದ್ಧವಾಯಿತು, ಹಸಿದವನ ಬಾಯನ್ನು ಮೂರನೆಯ ಗಂಟೆಯಲ್ಲಿ ವೈರಾಣುವು ಪ್ರವೇಶಿಸುವುದಿಲ್ಲವೆಂಬುದು ಇದರ ತಾತ್ಪರ್ಯ.

ಅಪವಾದಗಳೂ ಇವೆ. 2021ರ ಮೇ 23ರಂದು ಮಧುರೆಯಿಂದ ಬೆಂಗಳೂರಿನತ್ತ ಹೊರಟ ಬಾಡಿಗೆ ವಿಮಾನದಲ್ಲಿ, ನೆಲದ ಮೇಲಿನ ಲಾಕ್‌ಡೌನ್ ನಿಯಮಗಳು ಆಕಾಶವನ್ನು ಮುಟ್ಟಲಾರವೆಂಬ ಭರವಸೆಯಿಂದ, ವರನೊಬ್ಬನು ಬಂಧುಸಮೂಹದ ಸಮಕ್ಷಮದಲ್ಲಿ ವಧುವಿಗೆ ತಾಳಿ ಕಟ್ಟಿದನು. ನಿಲುವಂಗಿಯ ಬದಲು ರೇಷ್ಮೆಯುಟ್ಟ ಆ ನೆಂಟರು ಮಧ್ಯಾಸನವನ್ನಲ್ಲದೆ ಓಣಿಯನ್ನೂ ತುಂಬಿದರು. ತನಿಖೆ ನಡೆದು, ವಿಮಾನದ ಸಿಬ್ಬಂದಿ ಕರ್ತವ್ಯದಿಂದ ದೂರವಿರಬೇಕಾಯಿತು.

ಗೋವೆಯ ವಿಧಾನವು ಬೇರೆ. 2020ರ ಮೇ ತಿಂಗಳಲ್ಲಿ ಇಲ್ಲಿಗಿಳಿದವನಿಗೆ ಮೂರು ಮಾರ್ಗಗಳಿದ್ದವು: ಸೋಂಕಿಲ್ಲವೆಂಬ ಪ್ರಮಾಣಪತ್ರ, ಇಲ್ಲವೆ 2,000 ರೂಪಾಯಿಯ ಪರೀಕ್ಷೆ, ಅದೂ ಬೇಡವೆಂದರೆ ಹದಿನಾಲ್ಕು ದಿನಗಳ ಗೃಹವಾಸ. ಮರುವರ್ಷ ಎರಡನೆಯ ಅಲೆಯು ಉಕ್ಕಲು, ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು ಮೇ 10ರಿಂದ ಪ್ರಮಾಣಪತ್ರವಿಲ್ಲದೆ ಯಾರೂ ರಾಜ್ಯದೊಳಗೆ ಬರಕೂಡದೆಂದು ಆಜ್ಞಾಪಿಸಿತು. ಆ ಪೀಠದ ನೂತನ ಮಂದಿರವು ನಮ್ಮ ಪರ್ವರಿಯಲ್ಲಿಯೇ ಇದೆ. ಅದನ್ನು ಅದೇ ವರ್ಷದ ಮಾರ್ಚ್ 27ರಂದು ಉದ್ಘಾಟಿಸಿದವರು ಮಧ್ಯಾಸನದ ವಿಚಾರಣೆ ನಡೆಸಿದ ಬೋಬ್ಡೆಯವರೇ ಎಂಬುದನ್ನು ಮೀಮಾಂಸಕರು ಸಂಗತಿ ಎಂದು ಕರೆಯಬಹುದು.

ಇಷ್ಟೆಲ್ಲ ವಿಧಿಗಳಿದ್ದೂ, ಚಕ್ರಗಳು ದಾಬೋಲಿಮಿನ ನೆಲ ಮುಟ್ಟಿದೊಡನೆ ಸಕಲ ಪ್ರಯಾಣಿಕರೂ ಎದ್ದು, ಸಾಲುಸಾಲಾಗಿ ಇಳಿಯತಕ್ಕದ್ದೆಂಬ ಧ್ವನಿವರ್ಧಕದ ಮೊರೆಯನ್ನು ಕೇಳದೆ, ಓಣಿಯಲ್ಲಿ ಒಬ್ಬರ ಉಸಿರನ್ನೊಬ್ಬರು ಸೇವಿಸುತ್ತ ಬಾಗಿಲನ್ನು ನಿರೀಕ್ಷಿಸುವುದನ್ನು ಯಾವ ಪೀಠವೂ ವಿಚಾರಣೆಗೆತ್ತಿಕೊಳ್ಳಲಿಲ್ಲ. ಬೆಂಗಳೂರಿನಿಂದ ಗಂಟೆಯಷ್ಟು ಕಾಲ ಶೋಧಿತವಾಯುವನ್ನು ಸೇವಿಸಿ ಬಂದು, ನಿಲುವಂಗಿಯನ್ನು ಕಸದ ಡಬ್ಬಿಗೆ ಹಾಕಿದ ನಮ್ಮ ಸಾತ್ವಿಕನು, ಜುವಾರಿ ಸೇತುವೆಯ ಮೇಲೆ ಅಲುಗಾಡದ ವಾಹನಸಾಲಿನಲ್ಲಿ ನಿಂತ ಟ್ಯಾಕ್ಸಿಯೊಳಗೆ ಅದಕ್ಕಿಂತ ಹೆಚ್ಚು ಹೊತ್ತು ಕುಳಿತಿದ್ದಾಗ, ಮಾಸ್ಕನ್ನು ಗಲ್ಲದ ಮೇಲಿಳಿಸಿದ ಚಾಲಕನು ಪೂರ್ತಿ ಹಿಂದಕ್ಕೆ ತಿರುಗಿ, “ಪರ್ವರಿಯಲ್ಲಿ ಎಲ್ಲಿ, ಹೈಕೋರ್ಟಿನ ಹತ್ತಿರವೋ? ಗಾಜು ಏರಿಸಿ ಸಾಹೇಬರೇ, ಎ.ಸಿ. ಹಾಕಿದ್ದೇನೆ” ಎನ್ನುತ್ತಿದ್ದನು.